ಕರಾರು ಇದೆ, ಕೈಗೆ ಸಿಗುವುದಿಲ್ಲ

ಸೊಲ್ಲಾಪುರದ ಟವೆಲ್ ಕಾರಖಾನೆಯೊಂದರ ಕಚೇರಿಯಲ್ಲಾಗಲಿ, ಅಕ್ಕಲಕೋಟದ ಪೇಟೆಯ ಅಡತಿ ಅಂಗಡಿಯೊಂದರಲ್ಲಾಗಲಿ ಮೂರು ವರ್ಷಗಳ ಹಿಂದಿನ ಕರಾರುಪತ್ರವೊಂದನ್ನು ಕೇಳಿದರೆ ದೊರೆಯುವ ಮೊದಲ ಉತ್ತರ ಸಾಮಾನ್ಯವಾಗಿ ಒಂದೇ: "ಇದೆ." ಆ ಉತ್ತರ ಸುಳ್ಳಲ್ಲ. ಕಾಗದ ಎಲ್ಲಿಯೂ ಹೋಗಿಲ್ಲ. ಕಪಾಟಿನಲ್ಲಿದೆ, ಇಲ್ಲವೆ ಸ್ಕ್ಯಾನ್ ಆಗಿ ಗಣಕಯಂತ್ರದ ಒಳಗಿದೆ. ಆದರೆ "ತೋರಿಸಿ" ಎಂದೊಡನೆ ನಿಜವಾದ ಕಥೆ ಆರಂಭವಾಗುತ್ತದೆ. ಹಳೆಯ ಮುನೀಮರನ್ನು ಕರೆಯಬೇಕು. ಅವರು ಮಗಳ ಊರಿಗೆ ಹೋಗಿದ್ದರೆ ಬರುವತನಕ ಕಾಯಬೇಕು. ಯಾವ ಕಾಗದ ಯಾವ ಕಟ್ಟಿನಲ್ಲಿದೆ ಎಂಬುದಕ್ಕೆ ಅವರ ತಲೆಯೊಂದೇ ಸೂಚಿ. ಅವರು ನಿವೃತ್ತರಾದ ದಿನ ಆ ಸೂಚಿಯೂ ಮನೆಗೆ ಹೋಗುತ್ತದೆ.

ಈ ರೋಗಕ್ಕೆ ಮಾರುಕಟ್ಟೆಯಲ್ಲಿ ಔಷಧಗಳಿಲ್ಲದಿಲ್ಲ. ಪುಟಕ್ಕಿಷ್ಟೆಂದು ಹಣ ಪಡೆದು ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿಕೊಡುವವರಿದ್ದಾರೆ. ಕರಾರುಗಳನ್ನು ಸಂಗ್ರಹಿಸಿ, ಹುಡುಕಿಕೊಟ್ಟು, ಅವಧಿ ಮುಗಿಯುವ ಮುನ್ನ ಎಚ್ಚರಿಸುವ ತಂತ್ರಾಂಶಗಳೂ ಇವೆ. ಮುಂಬಯಿ, ಬೆಂಗಳೂರುಗಳ ದೊಡ್ಡ ಸಂಸ್ಥೆಗಳಲ್ಲಿ ಅವು ತಕ್ಕಮಟ್ಟಿಗೆ ಫಲ ಕೊಡುತ್ತವೆ. ಅಲ್ಲಿ ಕರಾರುಗಳು ಬಹುಮಟ್ಟಿಗೆ ಒಂದೇ ಭಾಷೆಯಲ್ಲಿ, ಇಂಗ್ಲಿಷಿನಲ್ಲಿ, ಒಂದೇ ಬಗೆಯ ಅಚ್ಚಿನಲ್ಲಿ ಇರುತ್ತವೆ. ಸೊಲ್ಲಾಪುರ ಜಿಲ್ಲೆಯ ಪೆಟ್ಟಿಗೆಗಳು ಅಂಥವಲ್ಲ. ಇಲ್ಲಿ ಮಾಲೀಕ ಒಂದು ಭಾಷೆಯಲ್ಲಿ ನೆನಪಿಡುತ್ತಾನೆ, ಕಾಗದ ಇನ್ನೊಂದು ಭಾಷೆಯಲ್ಲಿದೆ, ಕಟ್ಟಿನ ಮೇಲೆ ಅಂಟಿಸಿದ ಚೀಟಿ ಮೂರನೆಯದರಲ್ಲಿದೆ. ಆದುದರಿಂದ ಇಲ್ಲಿ ಕರಾರು ಸಿಗದಿರುವುದಕ್ಕೆ ಮುಖ್ಯ ಕಾರಣ ಯಂತ್ರದ ಕೊರತೆಯಲ್ಲ, ಹೆಸರಿನ ಗೊಂದಲ. ಹೆಸರಿನ ಗೊಂದಲವನ್ನು ಬಿಡಿಸುವುದು ಭಾಷೆ ಬಲ್ಲವರ ಕೆಲಸ. ಕನ್ನಡ ಐಚ್ಛಿಕ ವಿದ್ಯಾರ್ಥಿಗಳು ಈ ವಿಷಯವನ್ನು ವಾಣಿಜ್ಯ ವಿಭಾಗದ್ದೆಂದು ಬದಿಗಿಡುವ ಮುನ್ನ ಎರಡು ಸಲ ಯೋಚಿಸಬೇಕು.

ಸಿಗದ ಕಾಗದದಿಂದ ಆಗುವ ನಷ್ಟವೇನು ಎಂಬುದನ್ನು ಮೊದಲು ನೋಡಬೇಕು. ಏಕೆಂದರೆ ಹಲವರು ಇದನ್ನು ಕೇವಲ ಅಚ್ಚುಕಟ್ಟುತನದ ಪ್ರಶ್ನೆ ಎಂದು ಭಾವಿಸುತ್ತಾರೆ. ಸೊಲ್ಲಾಪುರದ ಚಾದರ ಮತ್ತು ಟರ್ಕಿಶ್ ಟವೆಲುಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯುಂಟು. ಅವನ್ನು ನೇಯುವ ಪವರ್‌ಲೂಮ್ ಘಟಕಗಳಲ್ಲಿ ಬಹುಪಾಲು ಸಣ್ಣವು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ ಪ್ರಕಾರ, ನೋಂದಾಯಿತ ಸಣ್ಣ ಉತ್ಪಾದಕನಿಂದ ಮಾಲು ಕೊಂಡವನು ಬರವಣಿಗೆಯ ಕರಾರಿನಲ್ಲಿ ಒಪ್ಪಿದ ದಿನದೊಳಗೆ ಹಣ ಕೊಡಬೇಕು. ಆ ಅವಧಿ ಮಾಲು ಸ್ವೀಕರಿಸಿದ ದಿನದಿಂದ 45 ದಿನ ಮೀರುವಂತಿಲ್ಲ. ಬರವಣಿಗೆಯ ಕರಾರೇ ಇಲ್ಲದಿದ್ದರೆ ಗಡುವು 15 ದಿನಕ್ಕೆ ಇಳಿಯುತ್ತದೆ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. ಹಾಗಾದರೆ 45 ದಿನದ ಕರಾರು ಮಾಡಿಕೊಂಡೂ ಅದನ್ನು ಹುಡುಕಿ ತೋರಿಸಲಾಗದ ಕೊಳ್ಳುಗನ ಸ್ಥಿತಿ, ಕರಾರೇ ಮಾಡಿಕೊಳ್ಳದವನ ಸ್ಥಿತಿಗಿಂತ ಹೇಗೆ ಬೇರೆ? ಅತ್ತ ಮಾರಿದವನಿಗೂ ಇದೇ ಪಾಡು. ಒಪ್ಪಿದ ದರದ ಹಾಳೆ ಸಿಗದಿದ್ದರೆ, ಯಾವ ದರದ ಮೇಲೆ ಬಡ್ಡಿ ಕೇಳುವುದು?

ದಾವೆ ಹೂಡುವ ಕಾಲದ ಲೆಕ್ಕವೂ ಕರಾರನ್ನೇ ಅವಲಂಬಿಸಿದೆ. 1963ರ ಕಾಲಮಿತಿ ಕಾಯಿದೆಯಲ್ಲಿ ಮಾರಿದ ಮಾಲಿನ ಹಣಕ್ಕೆ ಮೂರು ವರ್ಷದ ಅವಕಾಶವಿದೆ. ಆದರೆ ಆ ಮೂರು ವರ್ಷ ಎಂದಿನಿಂದ ಎಣಿಸಬೇಕು? ಉದ್ದರಿಯ ಅವಧಿ ನಿಗದಿಯಾಗದಿದ್ದರೆ ಮಾಲು ಕೊಟ್ಟ ದಿನದಿಂದ. ನಿಗದಿಯಾಗಿದ್ದರೆ ಆ ಅವಧಿ ಮುಗಿದ ದಿನದಿಂದ. ಕೆಲವೊಮ್ಮೆ ಬಾಕಿ ವಸೂಲಾಗುವುದೋ ಮುಳುಗುವುದೋ ಎಂಬುದು ಒಂದು ಹಾಳೆಯ ಒಂದು ಸಾಲಿನ ಮೇಲೆ ನಿಂತಿರುತ್ತದೆ. ಇನ್ನು ಅಂಗಡಿಯ ಬಾಡಿಗೆ: 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೆಯ ಕಲಮಿನಂತೆ ಕರಾರು ಬರವಣಿಗೆಯಲ್ಲಿದ್ದು ನೋಂದಣಿಯಾಗಿರಬೇಕು, ಅದಿಲ್ಲದಿದ್ದರೆ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ ಮಾತಿಗೇ ಮನ್ನಣೆ, ಅದು ತಪ್ಪೆಂದು ಸಾಬೀತಾಗುವವರೆಗೆ.

ಸಕ್ಕರೆ ಕಾರಖಾನೆಗಳ ವ್ಯವಹಾರವನ್ನೂ ಇಲ್ಲಿ ನೆನೆಯಬೇಕು. ಪ್ರತಿ ಹಂಗಾಮಿಗೆ ಮುನ್ನ ಕಬ್ಬು ಕಡಿಯುವ ತಂಡಗಳ ಮುಕಾದಮರೊಡನೆ, ವಾಹನದ ಮಾಲೀಕರೊಡನೆ ಕರಾರುಗಳಾಗುತ್ತವೆ, 'ಉಚಲ್' ಎಂಬ ಮುಂಗಡ ಕೈಬದಲಾಗುತ್ತದೆ. ಹಂಗಾಮು ಮುಗಿದ ಮೇಲೆ ಲೆಕ್ಕ ತೀರದೆ ತಕರಾರು ಬಂದಾಗ ಕಾರಖಾನೆ, ಮುಕಾದಮ, ಕೂಲಿಯವ ಮೂವರಿಗೂ ಬೇಕಾದದ್ದು ಅದೇ ಹಾಳೆ. ಕಾರಖಾನೆಗೆ ವಕೀಲರಿದ್ದಾರೆ, ಕೂಲಿಯವನಿಗೆ ಆ ಹಾಳೆಯ ನಕಲೂ ಇರುವುದಿಲ್ಲ. ಹುಡುಕುವ ವ್ಯವಸ್ಥೆ ಸುಧಾರಿಸಿದರೆ ಪ್ರಯೋಜನ ದೊಡ್ಡವರಿಗೆ ಮಾತ್ರ ಎಂಬ ವಾದ ಅದಕ್ಕಾಗಿಯೇ ಪೂರ್ತಿ ಒಪ್ಪತಕ್ಕದ್ದಲ್ಲ. ಕಾಗದ ಸಿಗದಿರುವುದರಿಂದ ಲಾಭವಾಗುವುದು ಹೆಚ್ಚಾಗಿ ಬಲಿಷ್ಠನಿಗೇ.

ಈಗ ಪೆಟ್ಟಿಗೆಯನ್ನು ತೆರೆಯಬಹುದು. ಅಕ್ಕಲಕೋಟ 1948ರವರೆಗೆ ಭೋಸಲೆ ಮನೆತನದ ಸಂಸ್ಥಾನ. ಅದರ ಪಕ್ಕದ ಆಳಂದ, ಅಫಜಲಪುರ ತಾಲೂಕುಗಳು ನಿಜಾಮನ ಹೈದರಾಬಾದ್ ರಾಜ್ಯದಲ್ಲಿ. ಭೀಮೆಯ ಆಚೆಯ ಇಂಡಿ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿ. ಸೊಲ್ಲಾಪುರವೂ ಮುಂಬಯಿ ಪ್ರಾಂತದಲ್ಲಿ. ಮೂರು ಆಡಳಿತಗಳಿದ್ದರೂ ಜೋಳ, ತೊಗರಿ, ಹತ್ತಿಯ ವ್ಯಾಪಾರ ಒಂದೇ ಆಗಿತ್ತು, ಬೀಗತನಗಳೂ ಒಂದೇ. ಆದ್ದರಿಂದ ಈ ಭಾಗದ ಹಳೆಯ ಮನೆತನವೊಂದರ ದಫ್ತರದಲ್ಲಿ ಮೋಡಿಯಲ್ಲಿ ಬರೆದ ಮರಾಠಿ ಖತಗಳು, ನಿಜಾಮನ ಕಚೇರಿಯ ಉರ್ದು ಕಾಗದಗಳು, ಕನ್ನಡದ ಕೈಬರಹದ ಚೀಟಿಗಳು, ಇಂಗ್ಲಿಷ್ ನೋಟೀಸುಗಳು ಒಂದೇ ಬಟ್ಟೆಯಲ್ಲಿ ಸುತ್ತಿರುವುದು ಅಚ್ಚರಿಯಲ್ಲ. ಸೊಲ್ಲಾಪುರ ನಗರದ ಮಗ್ಗದ ಓಣಿಗಳಿಗೆ ಬಂದರೆ ತೆಲುಗೂ ಸೇರುತ್ತದೆ. ಸೊಲ್ಲಾಪುರ, ಅಕ್ಕಲಕೋಟಗಳು ಯಾವ ರಾಜ್ಯಕ್ಕೆ ಸೇರಬೇಕೆಂಬ ವಾದ 1967ರ ಮಹಾಜನ ವರದಿಯಿಂದ ಇಂದಿನವರೆಗೂ ನಡೆದಿದೆ. ದಫ್ತರದ ಬಟ್ಟೆಯೊಳಗೆ ಮಾತ್ರ ಅಂಥ ಗಡಿ ಎಂದೂ ಇರಲಿಲ್ಲ.

ಭಾಷೆಯೊಡನೆ ಕಾಲಗಣನೆಯೂ ಬದಲಾಗುತ್ತದೆ. ಕ್ರಿ.ಶ. 1940–41ರ ವ್ಯವಹಾರವೊಂದು ಹೈದರಾಬಾದ್ ಕಡೆಯ ಕಾಗದದಲ್ಲಿ ಫಸಲಿ 1350 ಎಂದಿದ್ದರೆ, ಇತ್ತಣ ಕಾಗದದಲ್ಲಿ ಶಕ 1862 ಎಂದಿರಬಹುದು. ಇಂದಿಗೂ ಗೊಂದಲ ಪೂರ್ತಿ ತೀರಿಲ್ಲ: ವ್ಯಾಪಾರಿಯ ಹಳೆಯ ಪದ್ಧತಿಯ ವರ್ಷ ದೀಪಾವಳಿಯ ಪಾಡ್ಯದಿಂದ, ತೆರಿಗೆಯ ವರ್ಷ ಏಪ್ರಿಲಿನಿಂದ, ಸಕ್ಕರೆಯ ವರ್ಷ ಅಕ್ಟೋಬರಿನಿಂದ. "ಹೋದ ವರ್ಷದ ಕರಾರು" ಎಂಬ ಮಾತಿಗೆ ಒಂದೇ ಊರಿನಲ್ಲಿ ಮೂರು ಅರ್ಥ.

ಸ್ಥಳದ ಹೆಸರು ಇನ್ನೂ ಕಷ್ಟದ್ದು. ರೈತ ಅಥವಾ ವ್ಯಾಪಾರಿ ತನ್ನ ಹೊಲವನ್ನು ಬಾವಿಯ ಹೊಲ, ಹಳ್ಳದ ದಂಡೆಯ ಹೊಲ, ಗುಡಿಯ ಹಿಂದಿನ ಹೊಲ ಎಂದು ಕನ್ನಡದಲ್ಲಿ ನೆನಪಿಡುತ್ತಾನೆ. ಕಾಗದದಲ್ಲಿರುವುದು ಸಂಖ್ಯೆ. ಅದೂ ಒಂದೇ ಸಂಖ್ಯೆಯಲ್ಲ: 1947ರ ತುಂಡುಹಿಡುವಳಿ ನಿರ್ಬಂಧ ಮತ್ತು ಏಕತ್ರೀಕರಣ ಕಾಯಿದೆಯನ್ವಯ ಹಿಡುವಳಿಗಳನ್ನು ಒಗ್ಗೂಡಿಸಿದ ಹಳ್ಳಿಗಳಲ್ಲಿ ಹಳೆಯ ಸರ್ವೆ ನಂಬರಿನ ಬದಲು ಗಟ್ ನಂಬರ್ ಬಂದಿದೆ. ಹಳೆಯ ಖತದಲ್ಲಿ ಒಂದು ಅಂಕಿ, ಹೊಸ ಸಾತಬಾರಾ ಉತಾರದಲ್ಲಿ ಇನ್ನೊಂದು ಅಂಕಿ, ಮಾಲೀಕನ ನಾಲಗೆಯ ಮೇಲೆ ಅಂಕಿಯೇ ಇಲ್ಲ. ಈ ಮೂರೂ ಒಂದೇ ಹೊಲವೆಂದು ಯಂತ್ರಕ್ಕೆ ಯಾರಾದರೂ ಹೇಳದ ಹೊರತು ಅದಕ್ಕೆ ತಿಳಿಯುವ ದಾರಿಯಿಲ್ಲ.

ಪದಗಳ ವಿಷಯಕ್ಕೆ ಬರೋಣವೆಂದರೆ ಅದೊಂದು ಸಣ್ಣ ನಿಘಂಟಿಗೇ ಆಗುವಷ್ಟಿದೆ. ಬೆಂಗಳೂರಿನ ಕನ್ನಡದಲ್ಲಿ ಕ್ರಯಪತ್ರವಾದದ್ದು ಇಲ್ಲಿ ಖರೇದಿಖತ. ಅಲ್ಲಿಯ ಅಡಮಾನಪತ್ರ ಇಲ್ಲಿ ಗಹಾಣಖತ. ಅಲ್ಲಿ ಪಹಣಿ, ಇಲ್ಲಿ ಸಾತಬಾರಾ. ಅಲ್ಲಿಯ ಉಪನೋಂದಣಾಧಿಕಾರಿ ಇಲ್ಲಿ ದುಯ್ಯಮ ನಿಬಂಧಕ. ಜಮೀನಿನ ಎಲ್ಲೆಗಳನ್ನು ಅಲ್ಲಿಯ ಪತ್ರಗಳು ಚಕ್ಕುಬಂದಿ ಎಂದರೆ ಇಲ್ಲಿಯವು ಚತುಃಸೀಮಾ ಎನ್ನುತ್ತವೆ. ಮುಂದೆ ಮಾರುವುದಾಗಿ ಮಾಡಿಕೊಂಡ ಒಪ್ಪಂದಕ್ಕೆ ಇಲ್ಲಿ ಸಾಠೇಖತ ಎಂಬ ಹೆಸರಿದೆ. ಕರ್ನಾಟಕದ ತೆಂಕಣ ಜಿಲ್ಲೆಗಳಿಂದ ಬಂದವನಿಗೆ ಅದು ಯಾವ ಬಗೆಯ ಕಾಗದವೆಂದು ಊಹಿಸುವುದೂ ಸಾಧ್ಯವಾಗದು. ಹೊಲವನ್ನು ವರ್ಷದ ಲೆಕ್ಕಕ್ಕೆ ಕೊಡುವುದು ಉತ್ತರದವರಿಗೆ ಲಾವಣಿ, ದಕ್ಷಿಣದವರಿಗೆ ಗುತ್ತಿಗೆ. ಕವಿತೆಯ ತರಗತಿಯಲ್ಲಿ ಲಾವಣಿ ಎಂದರೆ ಮತ್ತೇನೋ. ಅಂಗಡಿಯ ಬಾಡಿಗೆಯ ಕಾಗದಕ್ಕಂತೂ ಬಾಡಿಗೆ ಕರಾರು, ಭಾಡೇಕರಾರ, ರೆಂಟ್ ಅಗ್ರಿಮೆಂಟ್, ಲೀವ್ ಅಂಡ್ ಲೈಸೆನ್ಸ್ ಎಂದು ನಾಲ್ಕು ಹೆಸರುಗಳು ಒಂದೇ ಕಚೇರಿಯಲ್ಲಿ ಓಡಾಡುತ್ತವೆ. ಕಾನೂನಿನ ದೃಷ್ಟಿಯಲ್ಲಿ ಬಾಡಿಗೆಯೂ ಲೀವ್ ಅಂಡ್ ಲೈಸೆನ್ಸೂ ಒಂದೇ ಅಲ್ಲ ಎಂಬುದು ಈ ಗೊಂದಲದ ಮೇಲೆ ಇನ್ನೊಂದು ಗೊಂದಲ. 'ಕರಾರು' ಎಂಬ ಮಾತೇ ಅರಬ್ಬಿಯಿಂದ ಬಂದು, ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಮನೆಮಾಡಿಕೊಂಡದ್ದು. ಅದರ ಪಕ್ಕದಲ್ಲಿ ಒಪ್ಪಂದ, ಒಡಂಬಡಿಕೆ, ಕರಾರನಾಮಾ, ಅಗ್ರಿಮೆಂಟುಗಳಿವೆ. ಹುಡುಕುವವನು ಒಂದನ್ನು ಬೆರಳಚ್ಚಿಸಿದರೆ ಉಳಿದ ನಾಲ್ಕು ಹೆಸರಿನ ಕಾಗದಗಳು ಕತ್ತಲಲ್ಲಿಯೇ ಉಳಿಯುತ್ತವೆ.

ಊರಿನ ಹೆಸರೂ ಸ್ಥಿರವಲ್ಲ. ಸೊಲ್ಲಾಪುರ, ಸೋಲಾಪುರ, ಬ್ರಿಟಿಷರ ಕಾಲದ ಶೋಲಾಪುರ, ಅಕ್ಕಲಕೋಟ, ಅಕ್ಕಲಕೋಟೆ. ವ್ಯಕ್ತಿಯ ಹೆಸರು ಮಹಾರಾಷ್ಟ್ರದ ಪದ್ಧತಿಯಲ್ಲಿ ಅಡ್ಡಹೆಸರು ಮೊದಲಾಗಿ ಬರುತ್ತದೆ, ದಕ್ಷಿಣ ಕರ್ನಾಟಕದ ಪದ್ಧತಿಯಲ್ಲಿ ಇನಿಷಿಯಲ್ ಆಗಿ ಮುದುಡಿಕೊಳ್ಳುತ್ತದೆ. ಇನ್ನು ಊರೇ ಅಡ್ಡಹೆಸರಾಗಿರುವ ಮನೆತನಗಳು ಈ ಭಾಗದಲ್ಲಿ ಬೇಕಾದಷ್ಟಿವೆ. ಅಕ್ಕಲಕೋಟದ ಗೋದಾಮಿನ ಕರಾರನ್ನು ಹುಡುಕಿದರೆ ಅಕ್ಕಲಕೋಟಕರ ಎಂಬವರ ಎಲ್ಲ ಕಾಗದಗಳೂ ಎದ್ದು ಬರುತ್ತವೆ. ಗ್ರಂಥಸಂಪಾದನೆಯ ಪಾಠದಲ್ಲಿ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೂಡಿಸಿದ ವಿದ್ಯಾರ್ಥಿಗೆ ಈ ಸಮಸ್ಯೆ ಹೊಸದಾಗಿ ಕಾಣಬಾರದು.

ಯಂತ್ರದ ಒಳಗೇನಾಗುತ್ತದೆ ಎಂಬುದನ್ನು ತುಸು ವಿವರವಾಗಿ ತಿಳಿಯಬೇಕು. ಸ್ಕ್ಯಾನ್ ಮಾಡಿದ ಪುಟ ಯಂತ್ರಕ್ಕೆ ಒಂದು ಚಿತ್ರ ಮಾತ್ರ. ಅದರಲ್ಲಿಯ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ತಂತ್ರಾಂಶ ಬೇರೆಯೇ ಬೇಕು. ಅಚ್ಚಿನ ಕನ್ನಡವನ್ನೂ ಮರಾಠಿಯನ್ನೂ ಓದುವಂಥವು ಈಗ ಉಚಿತವಾಗಿಯೂ ದೊರೆಯುತ್ತವೆ. ಆದರೆ ಮುದ್ರಾಂಕದ ಕಾಗದದ ಬಣ್ಣ, ಮೇಲೆ ಬಿದ್ದ ಮೊಹರು, ಸಹಿ ಅಡ್ಡ ಬಂದಲ್ಲೆಲ್ಲ ಅವು ಎಡವುತ್ತವೆ. ಕನ್ನಡದ ಸೊನ್ನೆ ಅನುಸ್ವಾರವಾಗುತ್ತದೆ, ಪಕಾರ ಷಕಾರವಾಗುತ್ತದೆ. ಅಂಕಿ ತಪ್ಪಿದ ಕರಾರು ಕಾವ್ಯದ ಅಕ್ಷರದೋಷದಂತಲ್ಲ. ಅಲ್ಲಿ ಒಂದು ಸೊನ್ನೆಗೆ ಬೆಲೆಯಿದೆ. ಮೋಡಿಯ ಕೈಬರಹವನ್ನು ನಂಬಿಕೆಗೆ ಅರ್ಹವಾಗಿ ಓದುವ ಸಾಧನವಂತೂ ಸಾಮಾನ್ಯ ವ್ಯಾಪಾರಿಯ ಮೇಜಿಗೆ ಇನ್ನೂ ಬಂದಿಲ್ಲ. ಮೋಡಿ ಲಿಪಿಗೆ ಯೂನಿಕೋಡಿನಲ್ಲಿ ಸ್ಥಾನ ದೊರೆತದ್ದೇ 2014ರಲ್ಲಿ.

ಗಣಕಯಂತ್ರದಲ್ಲಿಯೇ ಬೆರಳಚ್ಚಾದ ಕರಾರುಗಳಾದರೂ ಸುಲಭವಾಗಿ ಸಿಗಬೇಕಲ್ಲವೇ? ಸಿಗುವುದಿಲ್ಲ. ಯೂನಿಕೋಡ್ ರೂಢಿಗೆ ಬರುವ ಮುನ್ನ ಈ ಕಡೆಯ ಮರಾಠಿ ಕಾಗದಗಳು ಪುಣೆಯ ಶ್ರೀಲಿಪಿಯಂಥ ತಂತ್ರಾಂಶಗಳಲ್ಲಿ, ಕನ್ನಡದವು ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಸಿದ್ಧವಾದವು. ಆ ಫಾಂಟುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ ಅಥವಾ ದೇವನಾಗರಿ. ಯಂತ್ರದ ಪಾಲಿಗೆ ಮಾತ್ರ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಅರ್ಥಹೀನ ಸರಣಿ. ಅಂಥ ಕಡತದಲ್ಲಿ 'ಕರಾರು' ಎಂದು ಯೂನಿಕೋಡಿನಲ್ಲಿ ಹುಡುಕಿದರೆ ಫಲಿತಾಂಶ ಶೂನ್ಯ. ಅವನ್ನು ಪರಿವರ್ತಿಸುವ ಸಾಧನಗಳಿವೆ. ಪರಿವರ್ತನೆಯಾದ ಮೇಲೆ ಒತ್ತಕ್ಷರಗಳು ಸರಿಯಾಗಿ ಕುಳಿತಿವೆಯೇ ಎಂದು ನೋಡಲು ಮಾತ್ರ ಭಾಷೆ ಬಲ್ಲ ಕಣ್ಣು ಬೇಕು.

ಪಠ್ಯ ಸರಿಯಾದ ಮೇಲೂ ವ್ಯಾಕರಣ ಕಾದಿರುತ್ತದೆ. ಕರಾರು, ಕರಾರಿನ, ಕರಾರಿಗೆ, ಕರಾರಿನಲ್ಲಿ, ಕರಾರುಗಳನ್ನು, ಕರಾರಿನಂತೆ: ಓದುಗನಿಗೆ ಇವೆಲ್ಲ ಒಂದೇ ಪದ, ಸರಳವಾದ ಹುಡುಕಾಟದ ತಂತ್ರಾಂಶಕ್ಕೆ ಆರು ಪದ. ಮರಾಠಿಯಲ್ಲಿಯೂ ಕರಾರಾಚ್ಯಾ, ಕರಾರಾಮಧ್ಯೆ, ಕರಾರಾನುಸಾರ ಎಂದು ಇದೇ ಪಾಡು. ಇಂಗ್ಲಿಷಿಗಾಗಿ ಹುಟ್ಟಿದ ಸಾಧನ ಈ ಪ್ರತ್ಯಯಗಳ ಮುಂದೆ ತಡವರಿಸುತ್ತದೆ. ಪ್ರಕೃತಿಯಿಂದ ಪ್ರತ್ಯಯವನ್ನು ಬಿಡಿಸುವುದು, ಸಂಧಿಯನ್ನು ಒಡೆಯುವುದು ಇಲ್ಲಿ ನಿತ್ಯದ ವ್ಯಾಪಾರಕ್ಕೆ ಬೇಕಾದ ವಿದ್ಯೆಯಾಗುತ್ತದೆ. ಕೇಶಿರಾಜ 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದಾಗ ಸೊಲ್ಲಾಪುರದ ಟವೆಲ್ ವ್ಯಾಪಾರ ಅವನ ಮನಸ್ಸಿನಲ್ಲಿ ಇರಲಿಲ್ಲ ನಿಜ. ಆದರೂ ವಿಭಕ್ತಿ ಪ್ರಕರಣವನ್ನು ಪರೀಕ್ಷೆಗೆ ಮಾತ್ರ ಓದಿ ಮರೆಯುವ ವಿದ್ಯಾರ್ಥಿ ತನ್ನ ಕೈಯಲ್ಲಿರುವ ಉಪಕರಣವನ್ನು ಗುರುತಿಸದೆ ಇದ್ದಾನೆ.

ಹಾಗಾದರೆ ಮಾಡತಕ್ಕದ್ದೇನು? ಇದಕ್ಕೆ ಮಾದರಿ ದೂರದಲ್ಲಿಲ್ಲ. ಸರ್ಕಾರದ ನೋಂದಣಿ ಕಚೇರಿಯಲ್ಲಿಯೇ ಇದೆ. 1908ರ ನೋಂದಣಿ ಕಾಯಿದೆ ಪ್ರತಿ ಕಚೇರಿಯೂ ಬೇರೆ ಬೇರೆ ಸೂಚಿಗಳನ್ನು ಇಡಬೇಕೆಂದು ವಿಧಿಸಿತು: ಒಂದನೆಯದು ಬರೆದುಕೊಟ್ಟವರ, ಬರೆಸಿಕೊಂಡವರ ಹೆಸರುಗಳದ್ದು, ಎರಡನೆಯದು ಆಸ್ತಿಯದ್ದು. ಮಹಾರಾಷ್ಟ್ರದಲ್ಲಿ ಸಾಮಾನ್ಯ ಜನರೂ 'ಇಂಡೆಕ್ಸ್ ಟೂ' ಎಂದು ಕೇಳಿ ಪಡೆಯುವ ಹಾಳೆ ಆ ಎರಡನೆಯ ಸೂಚಿಯ ವಂಶದ್ದೇ. ಹೆಸರಿನಿಂದ ಹುಡುಕುವವನಿಗೆ ಒಂದು ಬಾಗಿಲು, ಜಾಗದಿಂದ ಹುಡುಕುವವನಿಗೆ ಇನ್ನೊಂದು ಬಾಗಿಲು ಎಂಬ ತಿಳಿವಳಿಕೆ ಒಂದು ಶತಮಾನಕ್ಕೂ ಹಳೆಯದು. ನೋಂದಣಿಯಾದ ಕಾಗದ ಅದರಿಂದಲೇ ಎಂದಾದರೊಮ್ಮೆ ಸಿಗುತ್ತದೆ. ನೋಂದಣಿಯಾಗದ ಪೂರೈಕೆಯ ಕರಾರು, ದರದ ಒಪ್ಪಿಗೆ, ಮಗ್ಗ ದುರಸ್ತಿಯ ವಾರ್ಷಿಕ ಒಪ್ಪಂದ ಇವುಗಳಿಗೆ ಅಂಥ ಬಾಗಿಲೇ ಇಲ್ಲ. (ಈ ಸೂಚಿಗಳನ್ನು ವಿಧಿಸುವುದು ನೋಂದಣಿ ಕಾಯಿದೆಯ 55ನೆಯ ಕಲಂ, ಮೇಲೆ ಹೇಳಿದ ಬಾಡಿಗೆ ಕಾಯಿದೆಯದೂ 55ನೆಯ ಕಲಂ. ಬರಿಯ 'ಕಲಂ 55' ಎಂದು ಹುಡುಕುವವನಿಗೆ ಎರಡೂ ಕೂಡಿಯೇ ಬರುತ್ತವೆ.)

ಗ್ರಂಥಾಲಯ ವಿಜ್ಞಾನದ ಎಸ್. ಆರ್. ರಂಗನಾಥನ್ ಅವರ ಹೆಸರು ಇಲ್ಲಿ ಅಪ್ರಸ್ತುತವಲ್ಲ. 1931ರಲ್ಲಿ ಅವರು ಮಂಡಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ವೇಳೆಯನ್ನು ಉಳಿಸಬೇಕೆಂಬುದು. 1933ರ ಕೋಲನ್ ವರ್ಗೀಕರಣದಲ್ಲಿ ಅವರು ಗ್ರಂಥವನ್ನು ಒಂದೇ ಗೂಡಿಗೆ ತಳ್ಳದೆ, ಹಲವು ಮುಖಗಳಿಂದ ಗುರುತಿಸುವ ಕ್ರಮವನ್ನು ತಂದರು. ಮುಂದೆ 1962ರಲ್ಲಿ ಬೆಂಗಳೂರಿನಲ್ಲಿ ದಾಖಲೆಗಳ ಸಂಶೋಧನೆ ಮತ್ತು ತರಬೇತಿಯ ಕೇಂದ್ರವೊಂದನ್ನು ಕಟ್ಟಿದರು. ಅವರ ಪರಿಭಾಷೆಯನ್ನು ಯಥಾವತ್ತಾಗಿ ಕರಾರುಗಳಿಗೆ ಹಚ್ಚಲಾಗದು. ಆದರೆ ಒಂದೇ ಕಾಗದಕ್ಕೆ ಹಲವು ಮುಖಗಳಿವೆ ಎಂಬ ಅವರ ಕಾಣ್ಕೆ ಸಾಕು: ಯಾರು ಯಾರೊಡನೆ, ಯಾವುದರ ಬಗ್ಗೆ, ಯಾವ ಬಗೆಯ ಕಾಗದ, ಯಾವ ಜಾಗ, ಎಂದಿನಿಂದ ಎಂದಿನವರೆಗೆ. ಈ ಐದಾರು ಕಾಲಮುಗಳ ಒಂದು ಎಕ್ಸೆಲ್ ಹಾಳೆ, ಪ್ರತಿ ಸಾಲಿನ ಎದುರು ಸ್ಕ್ಯಾನ್ ಆದ ಪುಟದ ಕೊಂಡಿ: ಸಣ್ಣ ಘಟಕವೊಂದಕ್ಕೆ ಆರಂಭಕ್ಕೆ ಇದಕ್ಕಿಂತ ಹೆಚ್ಚಿನ ತಂತ್ರಾಂಶ ಬೇಕಿಲ್ಲ. ಎಂದಿನವರೆಗೆ ಎಂಬ ಕಾಲಮು ಒಂದೇ, ಸರಿಯಾಗಿ ತುಂಬಿದರೆ, ಇಟ್ಟ ಖರ್ಚನ್ನು ತೀರಿಸೀತು.

ಆ ಹಾಳೆಯ ಪಕ್ಕದಲ್ಲಿ ಇರಬೇಕಾದ ಎರಡನೆಯ ಹಾಳೆಯೇ ಮುಖ್ಯ, ಮತ್ತು ಯಾರೂ ಮಾರದಿರುವುದು ಅದನ್ನೇ. ಅದು ಪದಪಟ್ಟಿ. ಖರೇದಿಖತ ಎಂದರೂ ಕ್ರಯಪತ್ರ ಎಂದರೂ ಸೇಲ್ ಡೀಡ್ ಎಂದರೂ ಒಂದೇ ಕಾಗದ ಎದ್ದು ಬರುವಂತೆ ಸಮಾನಾರ್ಥಕಗಳನ್ನು ಕೂಡಿಸಿದ, ಊರಿನ ಹೆಸರಿನ ಎಲ್ಲ ಕಾಗುಣಿತಗಳನ್ನು ಹೊಂದಿದ, ಹೊಲದ ಬಾಯಿಮಾತಿನ ಹೆಸರನ್ನು ಸರ್ವೆ ಮತ್ತು ಗಟ್ ನಂಬರಿಗೆ ಜೋಡಿಸಿದ ಪಟ್ಟಿ. ಅದನ್ನು ಸಿದ್ಧಪಡಿಸಲು ಕನ್ನಡವೂ ಬೇಕು, ಮರಾಠಿಯೂ ಬೇಕು, ಹಳೆಯ ದಸ್ತಾವೇಜುಗಳ ಉರ್ದು ಪದಗಳ ಪರಿಚಯವೂ ಬೇಕು. ಕಿಟ್ಟೆಲ್ 1894ರಲ್ಲಿ ಪ್ರಕಟಿಸಿದ ನಿಘಂಟಿನಲ್ಲಿ ಮರಾಠಿಯಿಂದ, ಹಿಂದುಸ್ತಾನಿಯಿಂದ ಬಂದ ಪದಗಳಿಗೆ ಬೇರೆ ಗುರುತು ಹಾಕಿದ್ದಾರೆ. ಕಚೇರಿಯ ಪದಗಳನ್ನು ಕೂಡಿಸುವವರಿಗೆ ಅದು ಒಳ್ಳೆಯ ಮೊದಲ ಮೆಟ್ಟಿಲು. ಶಾಸನಗಳ ಸಂಪುಟಗಳ ಕೊನೆಯಲ್ಲಿರುವ ವಿಶೇಷನಾಮಗಳ ಸೂಚಿಯನ್ನು ನೋಡಿದವರಿಗೆ ಕೆಲಸದ ಸ್ವರೂಪ ಇನ್ನೂ ಸ್ಪಷ್ಟವಾದೀತು. ದಾನಶಾಸನವೆಂದರೂ ಒಂದು ಬಗೆಯ ಕರಾರೇ ತಾನೆ: ಕೊಟ್ಟವರು, ಕೊಂಡವರು, ತಿಥಿ, ಭೂಮಿಯ ಅಳತೆ, ಎಲ್ಲೆ, ಷರತ್ತು, ಮುರಿದವರಿಗೆ ಶಾಪ. ಸಿದ್ಧರಾಮನ ಸೊನ್ನಲಿಗೆಯ ಕಾಲದ ಕಾಗದವಾದ ಕಲ್ಲು ಗುಡಿಯ ಮುಂದೆ ಎಲ್ಲರ ಕಣ್ಣೆದುರು ನಿಂತಿರುತ್ತಿತ್ತು. ಅದನ್ನು ಹುಡುಕುವ ಪ್ರಸಂಗವೇ ಇರಲಿಲ್ಲ.

ಸೂಚಿಯಿಲ್ಲದ ದಾಖಲೆ ಎಷ್ಟು ದೊಡ್ಡದಿದ್ದರೂ ಮೂಕವೆಂಬುದಕ್ಕೆ ಪುಣೆಯ ಪೇಶವೆ ದಫ್ತರ ಸಾಕ್ಷಿ. ಬಟ್ಟೆಯಲ್ಲಿ ಕಟ್ಟಿದ ಸಾವಿರಾರು ರುಮಾಲುಗಳ ಆ ಭಂಡಾರದಿಂದ ಜಿ. ಎಸ್. ಸರದೇಸಾಯಿ ಅವರು 1930ರ ದಶಕದ ಮೊದಲ ವರ್ಷಗಳಲ್ಲಿ ಆಯ್ದ ಕಾಗದಗಳನ್ನು 45 ಸಂಪುಟಗಳಲ್ಲಿ ಹೊರತಂದರು. ಅದಕ್ಕೆ ಬೇಕಾದದ್ದು ಮೋಡಿ ಓದಬಲ್ಲ, ಓದಿದ್ದನ್ನು ವಿಂಗಡಿಸಬಲ್ಲ ಜನರ ಗುಂಪು. ವ್ಯಾಪಾರಿಯ ದಫ್ತರಕ್ಕೆ 45 ಸಂಪುಟ ಬೇಡ. ವಿಂಗಡಿಸುವವರು ಮಾತ್ರ ಬೇಕೇ ಬೇಕು.

ಈ ಮಾತಿಗೆ ಎದುರು ಎರಡು ಆಕ್ಷೇಪಗಳು ಬರುತ್ತವೆ. ಕನ್ನಡದಲ್ಲಿ ಕರಾರುಗಳೇ ಇಲ್ಲದಿರುವಾಗ ಕನ್ನಡ ವಿದ್ಯಾರ್ಥಿಗೆ ಇಲ್ಲೇನು ಕೆಲಸ ಎಂಬುದು ಮೊದಲನೆಯದು. ಮಹಾರಾಷ್ಟ್ರದ ಕಚೇರಿಗಳ ಕಾಗದಗಳು ಮರಾಠಿಯಲ್ಲಿ, ದೊಡ್ಡ ವ್ಯಾಪಾರದವು ಇಂಗ್ಲಿಷಿನಲ್ಲಿ ಇರುತ್ತವೆ ಎಂಬುದನ್ನು ಒಪ್ಪಲೇಬೇಕು. ಆದರೆ ಸಮಸ್ಯೆಯ ಗಂಟು ಇರುವುದೇ ಅಲ್ಲಿ. ಅಕ್ಕಲಕೋಟ ಕಡೆಯ ವ್ಯಾಪಾರಿ ಮನೆಯಲ್ಲಿ, ಅಂಗಡಿಯಲ್ಲಿ, ಲೆಕ್ಕ ಹಾಕುವಾಗ ಮನಸ್ಸಿನಲ್ಲಿ ಕನ್ನಡ ಆಡುತ್ತಾನೆ. ಅವನು ಕೇಳುವ ಪ್ರಶ್ನೆ ಕನ್ನಡದ್ದು, ಉತ್ತರ ಅಡಗಿರುವ ಕಾಗದ ಮರಾಠಿಯದ್ದು. ನಡುವಿನ ಸೇತುವೆಯನ್ನು ಎರಡೂ ದಡ ಬಲ್ಲವರು ಕಟ್ಟಬೇಕು. ಈ ಭಾಗದ ಕನ್ನಡ ವಿದ್ಯಾರ್ಥಿ ಹುಟ್ಟಿನಿಂದಲೇ ಎರಡು ಭಾಷೆಯವನು. ಧಾರವಾಡ, ಮೈಸೂರುಗಳ ವಿದ್ಯಾರ್ಥಿಗಿಲ್ಲದ ಈ ಅನುಕೂಲವನ್ನು ಅವನು ಬಹಳ ಸಲ ಕೊರತೆಯೆಂದೇ ಎಣಿಸಿರುತ್ತಾನೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಕೃತಕ ಬುದ್ಧಿಮತ್ತೆ ಬಂದ ಮೇಲೆ ಇದೆಲ್ಲ ಏಕೆ? ಪದಕ್ಕೆ ಪದ ಹೊಂದದಿದ್ದರೂ ಅರ್ಥದ ಹತ್ತಿರವನ್ನು ಅಳೆದು, ಕನ್ನಡದ ಪ್ರಶ್ನೆಗೆ ಮರಾಠಿಯ ಪುಟವನ್ನು ತರುವ ಸಾಧನಗಳು ಈಗ ಇವೆ. ಕೇಂದ್ರ ಸರ್ಕಾರದ ಭಾಷಿಣಿ ಯೋಜನೆಯೂ ಭಾಷೆಗಳ ನಡುವಿನ ದಾರಿಯನ್ನು ಸುಗಮಗೊಳಿಸುತ್ತಿದೆ. ಇದು ನಿಜ, ಮತ್ತು ಸ್ವಾಗತಾರ್ಹ. ಬಾಡಿಗೆ ಎಂಬುದಕ್ಕೆ ಭಾಡೇಕರಾರ ಹತ್ತಿರವೆಂದು ಅವು ತಿಳಿದಾವು. ಗುಡಿಯ ಹಿಂದಿನ ಹೊಲ ಯಾವ ಗಟ್ ನಂಬರೆಂದು ತಿಳಿಯಲಾರವು. ಅದು ಯಾವ ಪುಸ್ತಕದಲ್ಲಿಯೂ ಇಲ್ಲ. ಅಲ್ಲದೆ ಕರಾರಿನ ವಿಷಯದಲ್ಲಿ ಅರ್ಥದ ಹತ್ತಿರ ಸಾಲದು. 45 ಮತ್ತು 15 ಎರಡೂ ದಿನಗಳ ಸಂಖ್ಯೆಗಳೇ. ಒಂದರ ಬದಲು ಇನ್ನೊಂದು ಬಂದರೆ ವ್ಯಾಪಾರ ಕೆಡುತ್ತದೆ. ಆದುದರಿಂದ ಯಂತ್ರ ಉತ್ತರ ಕೊಟ್ಟರಷ್ಟೇ ಒಪ್ಪದೆ, ಮೂಲಪುಟವನ್ನು ತೋರಿಸಬೇಕೆಂದು ಒತ್ತಾಯಿಸಬೇಕು, ಆ ಪುಟವನ್ನು ಮನುಷ್ಯನೊಬ್ಬ ಓದಬೇಕು. ಗ್ರಾಹಕರ ಕರಾರುಗಳನ್ನು ಸಿಕ್ಕ ಉಚಿತ ಸೇವೆಗೆಲ್ಲ ಏರಿಸುವುದಂತೂ ಸಲ್ಲದು. ಬಾಡಿಗೆಯ ಕಾಗದದ ಹಿಂದೆ ಆಧಾರ್ ಪ್ರತಿ ಅಂಟಿಕೊಂಡಿರುತ್ತದೆ ಎಂಬುದನ್ನು ಅನೇಕರು ಮರೆಯುತ್ತಾರೆ.

ಹಣದ ಪ್ರಶ್ನೆ ಉಳಿಯುತ್ತದೆ. ಸಣ್ಣ ಘಟಕಗಳ ಮಾಲೀಕರು ಪದಪಟ್ಟಿಗೆಂದು ಯಾರನ್ನೂ ನೇಮಿಸಿಕೊಳ್ಳಲಾರರು, ಮತ್ತು ಪ್ರತಿಯೊಬ್ಬರೂ ತಮ್ಮದೇ ಪಟ್ಟಿ ಮಾಡಿಕೊಳ್ಳುವುದು ವ್ಯರ್ಥ ಶ್ರಮ. ಸಾಠೇಖತ ಎಂಬ ಪದದಲ್ಲಿ ಯಾರ ಗುಟ್ಟೂ ಇಲ್ಲ. ಪಟ್ಟಿಯ ಆ ಭಾಗ ಎಲ್ಲರಿಗೂ ಒಂದೇ. ಅದನ್ನು ಸಿದ್ಧಪಡಿಸಲು ತಕ್ಕ ಸ್ಥಳ ಕಾಲೇಜಿನ ಕನ್ನಡ ವಿಭಾಗ, ಮರಾಠಿ ವಿಭಾಗದೊಡನೆ ಕೂಡಿ. ಪದವಿಯ ಕೊನೆಯ ವರ್ಷದ ಕಿರುಪ್ರಬಂಧಗಳಿಗೆ ಪ್ರತಿ ವರ್ಷ ಅವೇ ಕಾದಂಬರಿಗಳ ಸ್ತ್ರೀಪಾತ್ರಗಳನ್ನು ಆಯ್ದುಕೊಳ್ಳುವ ಬದಲು, ಇಬ್ಬರು ವಿದ್ಯಾರ್ಥಿಗಳಾದರೂ ದಸ್ತಾವೇಜಿನ ಪದಗಳನ್ನು ಆಯ್ದುಕೊಂಡರೆ ಮೂರು ವರ್ಷಗಳಲ್ಲಿ ಬಳಕೆಗೆ ಬರುವ ಪಟ್ಟಿಯೊಂದು ನಿಂತೀತು. ಆಗ ಘಟಕಗಳಿಗೆ ಉಳಿಯುವುದು ತಮ್ಮ ಹೊಲ, ಗೋದಾಮು, ಗಿರಾಕಿಗಳ ಹೆಸರು ಮಾತ್ರ. ಅದನ್ನು ತುಂಬಿಕೊಡುವ ಕೆಲಸಕ್ಕೆ ಕೂಲಿ ಕೇಳುವುದರಲ್ಲಿ ಸಂಕೋಚ ಬೇಕಿಲ್ಲ. ಲೆಕ್ಕಪರಿಶೋಧಕನಿಗೆ ಕೊಡುವವರು ಇದಕ್ಕೂ ಕೊಡುತ್ತಾರೆ.

ಮೊದಲ ಪಟ್ಟಿಗೆ ಐವತ್ತು ಪದ ಸಾಕು. ಅವುಗಳಲ್ಲಿ ಅರ್ಧದಷ್ಟು ನಿಘಂಟಿನಲ್ಲಿ ಸಿಗುತ್ತವೆ. ಉಳಿದರ್ಧಕ್ಕೆ ಪೇಟೆಗೆ ಹೋಗಿ ಮುದ್ರಾಂಕದ ಕಾಗದ ಮಾರುವವರನ್ನು, ದಸ್ತಾವೇಜು ಬರೆಯುವವರನ್ನು, ಮನೆಯಲ್ಲಿರುವ ಹಳೆಯ ಮುನೀಮರನ್ನು ಕೇಳಬೇಕು. ದೀಪಾವಳಿಯ ರಜೆಗೆ ಮುನ್ನ ಕೇಳುವುದು ಒಳ್ಳೆಯದು. ಪಾಡ್ಯದಂದು ಹೊಸ ಖಾತೆಪುಸ್ತಕ ತೆರೆಯುವ ಅಂಗಡಿಗಳಲ್ಲಿ ಅದಕ್ಕೆ ಹಿಂದಿನ ವಾರ ಹಳೆಯ ಕಟ್ಟುಗಳು ಹೇಗೂ ಕೆಳಗಿಳಿದಿರುತ್ತವೆ.